ಗೊಂಬೆಗೆ ಜೀವ ತುಂಬುವ ಪಾಠ: ಲ್ಯಾಬ್ ಬಂದೀತು, ಮೇಷ್ಟ್ರು ಎಲ್ಲಿ?

ದೇಶದ 15,000 ಪ್ರೌಢಶಾಲೆಗಳಲ್ಲಿ ಮತ್ತು 500 ಕಾಲೇಜುಗಳಲ್ಲಿ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕಲಿಕೆಗೆಂದೇ ಪ್ರತ್ಯೇಕ ಲ್ಯಾಬ್‌ಗಳನ್ನು ಸ್ಥಾಪಿಸಲು ನೆರವು ನೀಡುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2026ರ ಫೆಬ್ರವರಿ 1ರಂದು ಮಂಡಿಸಿದ ಬಜೆಟ್‌ನಲ್ಲಿ ಪ್ರಕಟಿಸಿದರು. ಮುಂಬೈನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್ ಸಂಸ್ಥೆಗೆ ಇದರ ಹೊಣೆ. 2030ರ ಹೊತ್ತಿಗೆ ಈ ಕ್ಷೇತ್ರಕ್ಕೆ 20 ಲಕ್ಷ ವೃತ್ತಿಪರರು ಬೇಕಾಗಬಹುದೆಂಬ ಅಂದಾಜನ್ನೂ ಸಚಿವೆ ಸದನದ ಮುಂದಿಟ್ಟರು. ಎವಿಜಿಸಿ ಎಂಬ ನಾಲ್ಕಕ್ಷರದ ಈ ಉದ್ಯಮ ಕೇಂದ್ರ ಬಜೆಟ್ ಭಾಷಣದಲ್ಲಿ ಕಾಣಿಸಿಕೊಂಡದ್ದು ಇದೇ ಮೊದಲಲ್ಲ. 2022ರಲ್ಲಿ ಕಾರ್ಯಪಡೆಯ ಘೋಷಣೆಯಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಕ್ಕೆ ಸಚಿವ ಸಂಪುಟ ಒಪ್ಪಿಗೆ ನೀಡಿತ್ತು. ಈಗ ಮಾತು ಶಾಲೆಯ ಕೊಠಡಿಯವರೆಗೆ ಬಂದಿದೆ.

ಘೋಷಣೆ ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಂಪ್ಯೂಟರ್ ಖರೀದಿಸುವುದು ಟೆಂಡರ್‌ನ ಕೆಲಸ. ಅದರ ಮುಂದೆ ಕುಳಿತ ಹುಡುಗನಿಗೆ ಒಂದು ಆಕೃತಿಯನ್ನು ನಡೆಸಲು, ನಗಿಸಲು, ಅಳಿಸಲು ಕಲಿಸುವುದು ಗುರುವಿನ ಕೆಲಸ. ಎರಡನೆಯದಕ್ಕೆ ಸಿದ್ಧತೆ ಎಷ್ಟಿದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ದೇಶದಲ್ಲೇ ಮೊದಲು ಎವಿಜಿಸಿ ನೀತಿ ರೂಪಿಸಿದ ಕರ್ನಾಟಕಕ್ಕೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು.

ಚೆಂಡಿನಿಂದ ಆರಂಭ

ಅನಿಮೇಷನ್ ತರಗತಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಸಿಂಹ, ರಾಕ್ಷಸ, ಆಕಾಶದಲ್ಲಿ ಹಾರುವ ಹನುಮಂತ. ಆದರೆ ಒಳ್ಳೆಯ ತರಗತಿಯಲ್ಲಿ ವಿದ್ಯಾರ್ಥಿಗೆ ಸಿಗುವ ಮೊದಲ ಪಾಠ ಒಂದು ಚೆಂಡು. ಅದು ನೆಲಕ್ಕೆ ಬಿದ್ದು ಪುಟಿಯಬೇಕು. ರಬ್ಬರ್ ಚೆಂಡು ಪುಟಿಯುವ ರೀತಿಯೇ ಬೇರೆ, ಕಬ್ಬಿಣದ ಗುಂಡು ಬೀಳುವ ರೀತಿಯೇ ಬೇರೆ. ಎರಡೂ ಪರದೆಯ ಮೇಲೆ ಒಂದೇ ಬಣ್ಣದ, ಒಂದೇ ಗಾತ್ರದ ವೃತ್ತಗಳಾಗಿದ್ದರೂ ಯಾವುದು ಹಗುರ, ಯಾವುದು ಭಾರ ಎಂಬುದು ನೋಡುಗನಿಗೆ ತಿಳಿಯಬೇಕು. ಅದನ್ನು ತಿಳಿಸುವುದು ಚಲನೆಯ ಲಯವೊಂದೇ. ಎರಡನೆಯ ಪಾಠ ಸಾಮಾನ್ಯವಾಗಿ ಹಿಟ್ಟಿನ ಚೀಲ. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲದ ಆ ಚೀಲ ಬೇಸರಗೊಂಡಂತೆ, ಹೆದರಿದಂತೆ, ಹಿಗ್ಗಿದಂತೆ ಕಾಣಬೇಕು. ಇಲ್ಲಿ ಗೆದ್ದ ವಿದ್ಯಾರ್ಥಿಗೆ ಮಾತ್ರ ಮನುಷ್ಯನ ಮುಖ ಕೈಗೆ ಸಿಗುತ್ತದೆ.

ಪಾತ್ರವನ್ನು ಕಟ್ಟುವ ಮಾಡೆಲಿಂಗ್ ಇನ್ನೊಂದು ವಿದ್ಯೆ. ಸಾವಿರಾರು ಸಣ್ಣ ಬಹುಭುಜಗಳನ್ನು ಬಲೆಯಂತೆ ಹೆಣೆದು ಮುಖವನ್ನು ರೂಪಿಸಬೇಕು. ಕಣ್ಣಿನ ಸುತ್ತ, ಬಾಯಿಯ ಸುತ್ತ ಆ ಬಲೆಯ ಗೆರೆಗಳು ಉಂಗುರಗಳಂತೆ ಹರಿಯಬೇಕು. ಏಕೆಂದರೆ ನಿಜವಾದ ಮುಖದಲ್ಲಿ ಸ್ನಾಯುಗಳು ಹಾಗೆಯೇ ಹರಿಯುತ್ತವೆ. ಈ ಅಂಗರಚನೆ ಗೊತ್ತಿಲ್ಲದ ವಿದ್ಯಾರ್ಥಿ ಕಟ್ಟಿದ ಮುಖ ನಿಂತಾಗ ಸುಂದರವಾಗಿಯೇ ಇರುತ್ತದೆ, ನಕ್ಕಾಗ ಸುಕ್ಕುಗಟ್ಟಿದ ಬಟ್ಟೆಯಂತಾಗುತ್ತದೆ. ಅನಂತರ ಮೂಳೆ, ಕೀಲುಗಳನ್ನು ಜೋಡಿಸುವ ರಿಗ್ಗಿಂಗ್. ಮೊಣಕೈ ಮಡಚಿದಾಗ ಚರ್ಮದ ಯಾವ ಭಾಗ ಎಷ್ಟು ಎಳೆಯಲ್ಪಡಬೇಕೆಂದು ಇಂಚಿಂಚಾಗಿ ನಿಗದಿಪಡಿಸಬೇಕು. ಇಷ್ಟೆಲ್ಲ ಆದ ಮೇಲೆ ಆ ಪಾತ್ರ ಒಂದು ಹೆಜ್ಜೆ ಇಡುತ್ತದೆ.

ಆ ಒಂದು ಹೆಜ್ಜೆಯೂ ಸುಲಭವಲ್ಲ. ಚಲನಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಸಾಮಾನ್ಯ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12. ಹಿಮ್ಮಡಿ ನೆಲ ಮುಟ್ಟುವುದು, ದೇಹದ ಭಾರ ಇಳಿಯುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ದೇಹ ಮೇಲೇಳುವುದು - ಈ ನಾಲ್ಕು ಘಟ್ಟಗಳನ್ನು ವಿದ್ಯಾರ್ಥಿ ಕೈಯಾರೆ ಇಡಬೇಕು. ನಡುವಿನದನ್ನು ಕಂಪ್ಯೂಟರ್ ತುಂಬುತ್ತದೆ, ಆದರೆ ಬಹುತೇಕ ತಪ್ಪಾಗಿಯೇ ತುಂಬುತ್ತದೆ. ತಲೆಯ ಮೇಲೆ ಕೊಡ ಹೊತ್ತ ಹೆಂಗಸು ನಡೆಯುವ ಬಗೆ, ಕುಡಿದವನ ನಡಿಗೆ, ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಮರಳುವ ಬಾಲಕನ ನಡಿಗೆ ಯಾವ ತಂತ್ರಾಂಶಕ್ಕೂ ತಾನಾಗಿ ಗೊತ್ತಿಲ್ಲ. ಅದನ್ನು ನೋಡಿದವನಿಗೆ ಗೊತ್ತು, ನೋಡಿದ್ದನ್ನು ಗೆರೆಯಲ್ಲಿ ಹಿಡಿದವನಿಗೆ ಇನ್ನೂ ಚೆನ್ನಾಗಿ ಗೊತ್ತು.

ಕಾರನ್ನು ಅಳೆದ ವಿದ್ಯಾರ್ಥಿಗಳು

ಈ ವಿದ್ಯೆ ಜನಿಸಿದ್ದೇ ತರಗತಿಯಲ್ಲಿ ಎಂಬುದು ಮರೆಯಬಾರದ ಸಂಗತಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಪ್ರಾಧ್ಯಾಪಕ ಐವನ್ ಸದರ್ಲೆಂಡ್ ಅವರು ತಮ್ಮ ಪತ್ನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನೇ ಪಾಠದ ವಸ್ತುವಾಗಿಸಿದರು. ವಿದ್ಯಾರ್ಥಿಗಳು ಕಾರಿನ ಮೈಮೇಲೆ ಗುರುತು ಹಾಕಿ, ಅಳತೆಗೋಲು ಹಿಡಿದು ಒಂದೊಂದೇ ಬಿಂದುವನ್ನು ಅಳೆದು ಕಂಪ್ಯೂಟರ್‌ಗೆ ಊಡಿಸಿದರು. ಅದೇ ವರ್ಷ ಅದೇ ವಿಭಾಗದ ವಿದ್ಯಾರ್ಥಿ ಎಡ್ ಕ್ಯಾಟ್‌ಮಲ್ ತಮ್ಮ ಎಡಗೈಯನ್ನು ಪ್ಲಾಸ್ಟರ್ ಅಚ್ಚಿನಲ್ಲಿ ತೆಗೆದು, ಅದರ ಮೇಲೆ ಸುಮಾರು 350 ಬಹುಭುಜಗಳನ್ನು ಗೆರೆ ಎಳೆದು ಗುರುತಿಸಿ, ಸಹಪಾಠಿ ಫ್ರೆಡ್ ಪಾರ್ಕ್ ಜತೆಗೂಡಿ ಬೆರಳು ಮಡಚುವ ಕಂಪ್ಯೂಟರ್ ಕೈಯನ್ನು ತೆರೆಗೆ ತಂದರು. ಆ ಕಿರುಚಿತ್ರವನ್ನು 2011ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡಿತು. ಕ್ಯಾಟ್‌ಮಲ್ ಮುಂದೆ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

ಈ ಎರಡು ಪ್ರಸಂಗಗಳಲ್ಲೂ ಕಲಿಕೆ ನಡೆದದ್ದು ಪರದೆಗಿಂತ ಮೊದಲು ಕೈಯಲ್ಲಿ, ವಸ್ತುವಿನ ಸ್ಪರ್ಶದಲ್ಲಿ, ಅಳತೆಯಲ್ಲಿ. ಮುಂದೆ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1987ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೂ ಇದೇ ಆಗಿತ್ತು: ಡಿಸ್ನಿ ಕಲಾವಿದರು ಪೆನ್ಸಿಲು ಹಿಡಿದು ಕಂಡುಕೊಂಡ ಚಲನೆಯ ಸೂತ್ರಗಳು ಕಂಪ್ಯೂಟರ್‌ಗೂ ಅನ್ವಯಿಸುತ್ತವೆ, ಅವು ಇಲ್ಲದಿದ್ದರೆ ಎಷ್ಟೇ ಶಕ್ತಿಶಾಲಿ ಯಂತ್ರವಿದ್ದರೂ ಗೊಂಬೆ ಗೊಂಬೆಯೇ.

ಭಾರತದ ಅನುಭವವೂ ಬೇರೆಯಲ್ಲ. 1956ರಲ್ಲಿ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಮುಂಬೈನ ಫಿಲ್ಮ್ಸ್ ಡಿವಿಷನ್‌ಗೆ ಬಂದು ಇಲ್ಲಿನ ಯುವಕರಿಗೆ ತರಬೇತಿ ನೀಡಿದರು. 1957ರ 'ದಿ ಬನಿಯನ್ ಡೀರ್' ಆ ತರಬೇತಿಯ ಫಲ. ಅಲ್ಲಿ ಕಲಿತ ರಾಮ್ ಮೋಹನ್ ಭಾರತೀಯ ಅನಿಮೇಷನ್‌ನ ಪಿತಾಮಹ ಎನಿಸಿಕೊಂಡರು. ಒಬ್ಬ ಗುರು, ಕೆಲವೇ ಮಂದಿ ಶಿಷ್ಯರು, ಸರ್ಕಾರಿ ಕೊಠಡಿ: ಅಷ್ಟರಿಂದಲೇ ಒಂದು ಪರಂಪರೆ ಮೊದಲಾಯಿತು.

ಬೆಂಗಳೂರು ಕಲಿಸಿದ ಪಾಠ

ಇತ್ತ ಕರ್ನಾಟಕದ ಕಥೆಗೆ ಎರಡು ಮುಖಗಳಿವೆ. 2012ರಲ್ಲಿ ರಾಜ್ಯ ತನ್ನ ಮೊದಲ ಎವಿಜಿಸಿ ನೀತಿಯನ್ನು ಪ್ರಕಟಿಸಿದಾಗ ಬೇರೆ ಯಾವ ರಾಜ್ಯವೂ ಅತ್ತ ಯೋಚಿಸಿರಲಿಲ್ಲ. ಲಲಿತಕಲಾ ಕಾಲೇಜುಗಳಲ್ಲಿ ಡಿಜಿಟಲ್ ಕಲಾ ಕೇಂದ್ರಗಳನ್ನು ತೆರೆಯುವ ಆಶಯವೂ ಅದರಲ್ಲಿತ್ತು. ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರ ಬಂದಿತು. 2024ರ ಜನವರಿಯಲ್ಲಿ ಮೂರನೆಯ ನೀತಿ ಹೊರಬಿದ್ದಿತು. ಈ ಅವಧಿಯಲ್ಲಿ ಹಾಲಿವುಡ್‌ನ ಹಲವು ದೊಡ್ಡ ಚಿತ್ರಗಳ ಕೆಲಸದ ಒಂದು ಪಾಲು ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಡೆಯಿತು. ಆಸ್ಕರ್ ಗೆದ್ದ 2016ರ 'ದಿ ಜಂಗಲ್ ಬುಕ್'ನ ದೃಶ್ಯಗಳ ಹಿಂದೆ ಇಲ್ಲಿನ ನೂರಾರು ಕಲಾವಿದರ ಶ್ರಮವಿತ್ತು.

ಇನ್ನೊಂದು ಮುಖ 2025ರ ಫೆಬ್ರವರಿಯಲ್ಲಿ ಬಯಲಾಯಿತು. ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಹಣಕಾಸಿನ ಮುಗ್ಗಟ್ಟಿನಿಂದ ಕುಸಿದಾಗ ಅದರ ಭಾರತದ ಘಟಕಗಳೂ ಬಾಗಿಲು ಮುಚ್ಚಿದವು. ಕೆಲಸ ಕಳೆದುಕೊಂಡವರು ಸುಮಾರು 3,000 ಮಂದಿ, ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು ಎಂದು ಆಗ ವರದಿಯಾಗಿತ್ತು. ಕೆಲವೇ ತಿಂಗಳ ಹಿಂದೆ ತೆರೆಕಂಡ 'ಮುಫಾಸ' ಚಿತ್ರದ ದೃಶ್ಯವೈಭವ ಇದೇ ಸಮೂಹದ ಕೈಚಳಕವಾಗಿತ್ತು ಎಂಬುದು ವಿಪರ್ಯಾಸ. ಕೆಲಸದಲ್ಲಿ ಕೊರತೆ ಇರಲಿಲ್ಲ, ಪ್ರತಿಭೆಯಲ್ಲಿ ಕೊರತೆ ಇರಲಿಲ್ಲ. ತೀರ್ಮಾನ ಮಾತ್ರ ಪ್ಯಾರಿಸ್‌ನಲ್ಲಿ ಆಯಿತು.

ಈ ಕುಸಿತಕ್ಕೆ ಶಿಕ್ಷಣವನ್ನು ದೂರಲಾಗದು. ಆದರೆ ಕುಸಿತದ ನಂತರ ಯಾರು ಬೇಗ ಚೇತರಿಸಿಕೊಳ್ಳಬಲ್ಲರು ಎಂಬುದನ್ನು ಕಲಿಕೆಯೇ ನಿರ್ಧರಿಸುತ್ತದೆ. ಹೊರಗುತ್ತಿಗೆಯ ಸ್ಟುಡಿಯೋದಲ್ಲಿ ಕೆಲಸವನ್ನು ಕಾರ್ಖಾನೆಯ ಸಾಲಿನಂತೆ ಹಂಚಲಾಗುತ್ತದೆ. ನಟನ ಅಂಚನ್ನು ಚೌಕಟ್ಟು ಚೌಕಟ್ಟಾಗಿ ಕತ್ತರಿಸುವ ರೋಟೋಸ್ಕೋಪಿಂಗ್, ಹಗ್ಗ ತಂತಿಗಳನ್ನು ಅಳಿಸುವುದು, ಕ್ಯಾಮೆರಾದ ಚಲನೆಗೆ ಹೊಂದಿಸುವುದು: ವರ್ಷಗಟ್ಟಲೆ ಇಂಥ ಒಂದೇ ಕೆಲಸ ಮಾಡಿದವನಿಗೆ ಬೇರೆ ಬಾಗಿಲುಗಳು ಕಡಿಮೆ. ಇತ್ತೀಚಿನ ವರ್ಷಗಳಲ್ಲಿ, ಬರೆದು ಕೊಟ್ಟ ವಾಕ್ಯದಿಂದಲೇ ವಿಡಿಯೋ ಹೆಣೆಯುವ ಕೃತಕ ಬುದ್ಧಿಮತ್ತೆಯ ಸಾಧನಗಳು ಮಾರುಕಟ್ಟೆಗೆ ಬಂದಿವೆ. ಯಂತ್ರ ಮೊದಲು ಕಸಿದುಕೊಳ್ಳುವುದು ಯಂತ್ರದಂತೆ ಮಾಡುವ ಕೆಲಸವನ್ನೇ. ಪಾತ್ರವನ್ನು ರೂಪಿಸುವವನು, ಅದರ ಸ್ವಭಾವಕ್ಕೆ ತಕ್ಕ ನಡೆಯನ್ನು ಯೋಚಿಸುವವನು, ಯಂತ್ರ ಕೊಟ್ಟದ್ದರಲ್ಲಿ ಎಲ್ಲಿ ಭಾರ ತಪ್ಪಿದೆ, ಎಲ್ಲಿ ಭಾವ ತಪ್ಪಿದೆ ಎಂದು ಗುರುತಿಸುವವನು ಆ ಸಾಧನವನ್ನು ತನ್ನ ಊಳಿಗಕ್ಕೆ ಇಟ್ಟುಕೊಳ್ಳಬಲ್ಲ.

ಹೀಗಿರುವಾಗ ಅನೇಕ ಖಾಸಗಿ ತರಬೇತಿ ಕೇಂದ್ರಗಳು ಕಲಿಸುತ್ತಿರುವುದೇನು? ತಂತ್ರಾಂಶದ ಗುಂಡಿಗಳನ್ನು. ಯಾವ ಪಟ್ಟಿಯಲ್ಲಿ ಯಾವ ಆಯ್ಕೆ, ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂಬುದಷ್ಟೇ ಪಾಠ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಪಾಠ ಹಳಸುತ್ತದೆ. ಜಿಲ್ಲಾ ಕೇಂದ್ರದ ಮಧ್ಯಮ ವರ್ಗದ ಕುಟುಂಬ ಸಾಲ ಮಾಡಿ ಕಟ್ಟಿದ ಶುಲ್ಕಕ್ಕೆ ಪ್ರತಿಯಾಗಿ ಸಿಗುವುದು ಒಂದು ಪ್ರಮಾಣಪತ್ರ. ಸ್ಟುಡಿಯೋಗಳಲ್ಲಿ ಪ್ರಮಾಣಪತ್ರವನ್ನು ಕೇಳುವವರು ವಿರಳ. ಅವರು ನೋಡುವುದು ಅಭ್ಯರ್ಥಿ ಸ್ವತಃ ಮಾಡಿದ ಒಂದೆರಡು ನಿಮಿಷಗಳ ರೀಲ್. ಎರಡು ವರ್ಷ ಕಲಿತೂ ತೋರಿಸಲು ಒಂದು ನಡಿಗೆ ಇಲ್ಲದ ಯುವಕನ ಸಂಕಟ ಯಾವ ಉದ್ಯೋಗ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ.

ಹಣದ ಅಡ್ಡಿ ಕರಗಿದೆ

ಹಿಂದೆ ಈ ವಿದ್ಯೆಗೆ ದೊಡ್ಡ ಅಡ್ಡಿ ತಂತ್ರಾಂಶದ ಬೆಲೆ. 1998ರಲ್ಲಿ ಮಾಯಾ ತಂತ್ರಾಂಶ ಬಂದಾಗ ಅದು ಸಾಮಾನ್ಯ ಶಾಲೆಯ ಕೈಗೆಟುಕುವ ಮಾತಾಗಿರಲಿಲ್ಲ. ಇಂದು ಅದರ ಒಡೆತನ ಹೊಂದಿರುವ ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಕಲಿಕೆಗಾಗಿ ಉಚಿತವಾಗಿ ನೀಡುತ್ತದೆ. ಇನ್ನೂ ಮುಖ್ಯವಾದದ್ದು ಬ್ಲೆಂಡರ್. 2002ರಲ್ಲಿ ಟಾನ್ ರೂಸೆಂಡಾಲ್ ಮುಂದಾಳತ್ವದಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಆ ತಂತ್ರಾಂಶವನ್ನು ಅದರ ಹೂಡಿಕೆದಾರರಿಂದ ಬಿಡಿಸಿಕೊಂಡು ಮುಕ್ತಗೊಳಿಸಿದರು. ಅಂದಿನಿಂದ ಅದು ಎಲ್ಲರಿಗೂ ಉಚಿತ. ಪುಟ್ಟ ದೇಶ ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ನಿರ್ದೇಶನದ 'ಫ್ಲೋ' ಎಂಬ ಬೆಕ್ಕಿನ ಕಥೆ ಬ್ಲೆಂಡರ್‌ನಲ್ಲೇ ತಯಾರಾಗಿ 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ಅದರಲ್ಲಿ ಒಂದೇ ಒಂದು ಮಾತಿಲ್ಲ. ಬೆಕ್ಕು ಬೆಕ್ಕಿನಂತೆಯೇ ನಡೆಯುತ್ತದೆ, ಹೆದರುತ್ತದೆ, ನಂಬುತ್ತದೆ. ಯಾವ ದುಬಾರಿ ಪರವಾನಗಿಯೂ ಕೊಡಲಾರದ ಗುಣ ಅದು; ಬೆಕ್ಕನ್ನು ತಾಳ್ಮೆಯಿಂದ ನೋಡಿದ ಕಣ್ಣುಗಳ ಗಳಿಕೆ.

ನಮ್ಮ ಸರ್ಕಾರಿ ಯೋಜನೆಗಳಲ್ಲಿ ಲ್ಯಾಬ್ ಎಂದರೆ ಯಂತ್ರಗಳ ಪಟ್ಟಿ ಎಂಬ ಭಾವನೆ ಬೇರೂರಿದೆ. ಕಂಪ್ಯೂಟರ್ ಶಿಕ್ಷಣದ ಹಿಂದಿನ ಯೋಜನೆಗಳು ಎಷ್ಟೋ ಶಾಲೆಗಳಲ್ಲಿ ಹೇಗೆ ಕೊನೆಗೊಂಡವು ಎಂಬುದನ್ನು ಬೀಗ ಹಾಕಿದ ಕೊಠಡಿಗಳೇ ಹೇಳುತ್ತವೆ. ಗುತ್ತಿಗೆಯ ಅವಧಿ ಮುಗಿದೊಡನೆ ಬೋಧಕ ಹೋದ, ಬ್ಯಾಟರಿ ಕೆಟ್ಟಿತು, ಯಂತ್ರಗಳ ಮೇಲೆ ಧೂಳು ಕೂತಿತು. ಅದೇ ದಾರಿಯಲ್ಲಿ ಅನಿಮೇಷನ್ ಲ್ಯಾಬ್ ಕೂಡ ಸಾಗಿದರೆ ಆರಂಭಶೂರತ್ವದ ಇನ್ನೊಂದು ಸ್ಮಾರಕ ನಿಂತಂತಾಗುತ್ತದೆ.

ಡ್ರಾಯಿಂಗ್ ಮೇಷ್ಟ್ರ ಹುದ್ದೆ

ಹಾಗಾದರೆ ಗುರು ಯಾರು? ಉತ್ತರ ಶಾಲೆಯಲ್ಲೇ ಇದೆ, ಅಥವಾ ಇರಬೇಕಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಕರ್ನಾಟಕದಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಹಳೆಯದು. ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕೂತ ತಲೆಮಾರುಗಳೇ ಇವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಸಂಸ್ಥೆಗಳಿಂದ ಪ್ರತಿವರ್ಷ ಕಲಾವಿದರು ಹೊರಬರುತ್ತಾರೆ. ಆದರೂ ಡ್ರಾಯಿಂಗ್ ಮೇಷ್ಟ್ರಿಲ್ಲದ ಸರ್ಕಾರಿ ಶಾಲೆಗಳು ಕಡಿಮೆಯೇನಿಲ್ಲ. ಇದ್ದಲ್ಲೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಅವರ ಅವಧಿಯನ್ನು ಗಣಿತ, ವಿಜ್ಞಾನಕ್ಕೆ ಬಿಟ್ಟುಕೊಡುವುದು ವಾಡಿಕೆ.

ಕಲಾ ಪದವೀಧರನಿಗೆ ಆರು ತಿಂಗಳಲ್ಲಿ ಬ್ಲೆಂಡರ್ ಕಲಿಸಬಹುದು. ತಂತ್ರಾಂಶ ಬಲ್ಲವನಿಗೆ ಆರು ತಿಂಗಳಲ್ಲಿ ಕಲೆ ಕಲಿಸಲಾಗದು. ನೇಮಕಾತಿಯ ನಿಯಮ ಬರೆಯುವಾಗ ಈ ಸರಳ ಲೆಕ್ಕವನ್ನು ಅಧಿಕಾರಿಗಳು ಗಮನಿಸಿದರೆ ಅರ್ಧ ಯುದ್ಧ ಗೆದ್ದಂತೆ. ಕಂಪ್ಯೂಟರ್ ಡಿಪ್ಲೊಮಾ ಇದ್ದವರನ್ನೇ ಲ್ಯಾಬ್‌ಗೆ ಬೋಧಕರನ್ನಾಗಿ ತುಂಬಿ, ಪಕ್ಕದ ಕೊಠಡಿಯ ಚಿತ್ರಕಲಾ ಶಿಕ್ಷಕರನ್ನು ಹೊರಗಿಟ್ಟರೆ, ಎರಡೂ ವ್ಯರ್ಥ.

ಮನೆಯಲ್ಲೇ ಇರುವ ವಿದ್ಯೆ

ಚಲನೆಯನ್ನು ಕಲಿಸುವ ಇನ್ನೊಂದು ಗುರುಕುಲ ಈ ನಾಡಿನಲ್ಲಿ ಶತಮಾನಗಳಿಂದ ಇದೆ. ದೀಪದ ಬೆಳಕು, ಬಿಳಿಯ ಪರದೆ, ಕೀಲು ಜೋಡಿಸಿದ ತೊಗಲಿನ ಆಕೃತಿ: ತೊಗಲು ಗೊಂಬೆಯಾಟಕ್ಕೂ ಇಂದಿನ ಅನಿಮೇಷನ್‌ಗೂ ತತ್ತ್ವ ಒಂದೇ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಕುಂದಾಪುರ ಬಳಿಯ ಉಪ್ಪಿನಕುದ್ರುವಿನಲ್ಲಿ ಸೂತ್ರದ ಗೊಂಬೆಗಳು ಯಕ್ಷಗಾನದ ಹೆಜ್ಜೆ ಹಾಕುತ್ತವೆ. ಗೊಂಬೆಯ ಯಾವ ಕೀಲಿಗೆ ಯಾವ ದಾರ ಕಟ್ಟಿದರೆ ತಲೆ ಗರ್ವದಿಂದ ಎತ್ತೀತು ಎಂಬ ಅಲ್ಲಿನ ಅರಿವು, ರಿಗ್ಗಿಂಗ್ ಪಾಠದ ಅರಿವೇ. ಯಕ್ಷಗಾನದಲ್ಲಿ ರಾಜವೇಷದ ನಡೆ, ಬಣ್ಣದ ವೇಷದ ನಡೆ, ಸ್ತ್ರೀವೇಷದ ನಡೆ ಕಣ್ಣಿಗೆ ಬಿದ್ದೊಡನೆ ಪಾತ್ರದ ಸ್ವಭಾವ ತಿಳಿಯುತ್ತದೆ. ಪಾತ್ರ ಅನಿಮೇಷನ್‌ನ ಗುರಿಯೂ ಅದೇ.

ಇದು ಕೇವಲ ಅಭಿಮಾನದ ಮಾತಲ್ಲ, ಮಾರುಕಟ್ಟೆಯ ಮಾತು ಕೂಡ. 2025ರ ಜುಲೈನಲ್ಲಿ ತೆರೆಕಂಡ ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ್ ನರಸಿಂಹ' ಅನಿಮೇಷನ್ ಚಿತ್ರವನ್ನು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದ ಆ ಚಿತ್ರ ಭಾರತೀಯ ಅನಿಮೇಷನ್‌ನ ಗಳಿಕೆಯ ಹಳೆಯ ದಾಖಲೆಗಳನ್ನೆಲ್ಲ ಮುರಿಯಿತು. ಅನಿಮೇಷನ್ ಎಂದರೆ ಮಕ್ಕಳಾಟ, ದೇಶದ ಪ್ರೇಕ್ಷಕ ದುಡ್ಡು ಕೊಟ್ಟು ನೋಡಲಾರ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು. ವಿದೇಶಿ ಚಿತ್ರಗಳ ಬಿಡಿಭಾಗ ತಯಾರಿಸುವುದಷ್ಟೇ ನಮ್ಮ ಪಾಲು ಎಂದು ಇನ್ನು ಒಪ್ಪಿಕೊಳ್ಳಬೇಕಿಲ್ಲ. ಆದರೆ ಸ್ವಂತ ಕಥೆ ಹೇಳಲು ಸ್ವಂತ ಪಾತ್ರ ಸೃಷ್ಟಿಸಬಲ್ಲವರು ಬೇಕು.

ಆಗಬೇಕಾದದ್ದು

ಯೋಜನೆಯ ವಿವರಗಳು ಶಾಲೆಗಳಿಗೆ ಇಳಿಯುವ ಹೊತ್ತಿನಲ್ಲಿ ರಾಜ್ಯ ಸರ್ಕಾರ ಕೆಲವು ಸಂಗತಿಗಳನ್ನು ಪಟ್ಟು ಹಿಡಿದು ಸೇರಿಸಬೇಕು. ಮೊದಲ ವರ್ಷದ ಪಾಠದಲ್ಲಿ ಕಾಗದ, ಪೆನ್ಸಿಲು, ಜೇಡಿಮಣ್ಣಿಗೆ ಕಂಪ್ಯೂಟರ್‌ನಷ್ಟೇ ಸ್ಥಾನವಿರಬೇಕು. ಲ್ಯಾಬ್ ಮಂಜೂರಾದ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಭರ್ತಿಯಾಗಿರಬೇಕೆಂಬ ಷರತ್ತು ಇರಬೇಕು. ಬ್ಲೆಂಡರ್‌ನಂಥ ಮುಕ್ತ ತಂತ್ರಾಂಶವನ್ನೇ ಆಧಾರವಾಗಿಟ್ಟು, ಉಳಿದ ಹಣವನ್ನು ಬೋಧಕರ ಸಂಬಳಕ್ಕೂ ತರಬೇತಿಗೂ ಬಳಸಬೇಕು. ಪಾಠದ ಸಾಮಗ್ರಿ ಕನ್ನಡದಲ್ಲಿರಬೇಕು. ಇಂಗ್ಲಿಷ್ ಬಾರದ ಕಾರಣಕ್ಕೆ ಗೆರೆ ಬಲ್ಲ ಹುಡುಗಿ ಹಿಂದೆ ಬೀಳಬಾರದು. ಪರೀಕ್ಷೆಯಲ್ಲಿ ತಂತ್ರಾಂಶದ ಆಯ್ಕೆಗಳ ಹೆಸರು ಕೇಳುವ ಬದಲು, ವಿದ್ಯಾರ್ಥಿ ಮಾಡಿದ ಹತ್ತು ಸೆಕೆಂಡಿನ ಚಲನೆಯನ್ನು ನೋಡಿ ಅಂಕ ಕೊಡಬೇಕು. ಸ್ಥಳೀಯ ಗೊಂಬೆಯಾಟದವರನ್ನು, ಯಕ್ಷಗಾನ ಕಲಾವಿದರನ್ನು ವರ್ಷಕ್ಕೆ ಕೆಲವು ದಿನವಾದರೂ ಗೌರವಧನ ಕೊಟ್ಟು ತರಗತಿಗೆ ಕರೆಸಬೇಕು. ಖಾಸಗಿ ತರಬೇತಿ ಕೇಂದ್ರಗಳು ಶುಲ್ಕ, ಬೋಧಕರ ಅರ್ಹತೆ ಮತ್ತು ಹಿಂದಿನ ವಿದ್ಯಾರ್ಥಿಗಳ ಕೆಲಸವನ್ನು ಬಹಿರಂಗವಾಗಿ ತೋರಿಸುವ ನಿಯಮವೂ ಜತೆಗೇ ಬರಬೇಕು.

ಇವುಗಳಲ್ಲಿ ಯಾವುದಕ್ಕೂ ಭಾರಿ ಮೊತ್ತ ಬೇಕಿಲ್ಲ. ಬೇಕಾದದ್ದು ಆದ್ಯತೆಯ ಕ್ರಮ. ಕಂಪ್ಯೂಟರ್ ಐದು ವರ್ಷಕ್ಕೆ ಹಳತಾಗುತ್ತದೆ. ತಂತ್ರಾಂಶ ಅದಕ್ಕೂ ಮೊದಲೇ ಬದಲಾಗುತ್ತದೆ. ಸ್ಟುಡಿಯೋಗಳು ಬರುತ್ತವೆ, ಹೋಗುತ್ತವೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರ ಕೈಕೆಳಗೆ ನೋಡುವುದನ್ನು, ಬರೆಯುವುದನ್ನು, ಚಲನೆಯ ಭಾರವನ್ನು ಅಂದಾಜು ಮಾಡುವುದನ್ನು ಕಲಿತ ಮಗುವಿನ ಬಂಡವಾಳ ಕರಗುವುದಿಲ್ಲ. 15,000 ಲ್ಯಾಬ್‌ಗಳ ಉದ್ಘಾಟನೆಯ ಫಲಕಗಳಿಗಿಂತ, ಅಷ್ಟೂ ಶಾಲೆಗಳ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬ ಚಿತ್ರಕಲಾ ಶಿಕ್ಷಕರ ಸಹಿ ದಿನವೂ ಬೀಳುವಂತಾಗುವುದು ಈ ಯೋಜನೆಯ ನಿಜವಾದ ಅಳತೆಗೋಲು.